ತೂತಿಲ್ಲದ ಎಲೆ

"ಇದು ಜ್ವರದ ಗಿಡ ಅಲ್ಲ ಕಣಮ್ಮ," ಎಂದರು ಅತ್ತೆ, ಗಾಜಿನ ಚೌಕಟ್ಟಿಗೆ ಮೂಗು ತಾಗುವಷ್ಟು ಬಗ್ಗಿ. ದನಿ ಸ್ವಲ್ಪ ಗಟ್ಟಿಯಾಗಿಯೇ ಇತ್ತು.

ಸೊಸೆ ಥಟ್ಟನೆ ಹಿಂದಿರುಗಿ ನೋಡಿದಳು. ಸಭಾಂಗಣದ ಆ ತುದಿಯಲ್ಲಿ ಗ್ರಂಥಾಲಯದ ನಿರ್ದೇಶಕರು ಅತಿಥಿಗಳ ಕೈ ಕುಲುಕುತ್ತಿದ್ದರು. ನೂರೈವತ್ತು ವರ್ಷ ಹಳೆಯ ಈ ಔಷಧಿ ಗಿಡಗಳ ಚಿತ್ರಗಳನ್ನು ಒಂದೂವರೆ ವರ್ಷ ಕೂತು, ಕೂದಲೆಳೆಯಂಥ ಕುಂಚದಲ್ಲಿ ಸರಿಪಡಿಸಿದವಳು ಅವಳೇ. ಒಂಬತ್ತು ವರ್ಷದ ಹಂಗಾಮಿ ಕೆಲಸ ಇವತ್ತು ಕಾಯಂ ಆಗುವುದಿತ್ತು.

"ಕೆಳಗೆ ಹೆಸರೇ ಬರೆದಿದೆಯಲ್ಲ ಅತ್ತೆ. ಮೆಲ್ಲಗೆ ಮಾತಾಡಿ."

"ಬರೆದಿರಲಿ ಬಿಡು. ಎರಡು ಗಿಡ ಇವೆ, ಅಕ್ಕತಂಗಿಯರ ಹಾಗೆ ಒಂದೇ ಥರ. ಒಂದು ಔಷಧಿ, ಇನ್ನೊಂದು ವಿಷ. ಔಷಧಿ ಗಿಡಾನ ಹುಳ ಬಿಡೋದೇ ಇಲ್ಲ, ಎಲೆಯೆಲ್ಲ ಜರಡಿ ಮಾಡಿಬಿಟ್ಟಿರ್ತವೆ. ವಿಷದ್ದರ ಹತ್ತಿರ ಸುಳಿಯಲ್ಲ. ನಮ್ಮಮ್ಮ ಹೇಳಿಕೊಟ್ಟ ಗುರುತು ಅದೊಂದೇ. ಇಲ್ಲಿ ನೋಡು, ಒಂದಾದರೂ ತೂತಿದೆಯಾ? ಮದುವೆಗೆ ಹೊರಟವಳ ಹಾಗೆ ನಿಂತಿದೆ!"

ಅವಳು ಕುಂಚ ಹಿಡಿಯುವ ಮೊದಲು ತೂತುಗಳಿದ್ದವು. ಹದಿನಾಲ್ಕು. ಬಿಳಿಯ ಪುಟ್ಟ ಚುಕ್ಕೆಗಳು, ಸುತ್ತ ತೆಳುವಾದ ಕಂದು ಅಂಚು. ಬಣ್ಣ ಉದುರಿದೆ ಎಂದುಕೊಂಡಿದ್ದಳು. ಉದುರಿದ ಜಾಗಕ್ಕೆ ಯಾರಾದರೂ ಅಂಚು ಬರೆಯುತ್ತಾರೆಯೇ ಎಂದು ಒಂದು ಕ್ಷಣ ಕೈ ತಡೆದಿತ್ತು ಕೂಡ. ಆಮೇಲೆ ಅಂಚನ್ನೂ ಸೇರಿಸಿ ಹಸಿರು ತುಂಬಿದ್ದಳು. ಯಾರನ್ನು ಕೇಳುವುದು? ಸಂಜೆ ಮನೆಗೆ ಹೋದರೆ ಪಕ್ಕದ ಕೋಣೆಯಲ್ಲೇ ಅತ್ತೆ ಇರುತ್ತಿದ್ದರು. ಅವರನ್ನು ಕೇಳಬಹುದೆಂದು ಹೊಳೆದೇ ಇರಲಿಲ್ಲ. ಇವತ್ತೂ ಗಂಡನ ಬಲವಂತಕ್ಕೆ ಕರೆತಂದಿದ್ದಳು, ಅಲ್ಲಿ ಬಾಯಿ ಬಿಡಬೇಡಿ ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ.

ಅತ್ತೆ ಅವಳ ಮುಖ ನೋಡಿದರು. ಚಿತ್ರ ನೋಡಿದರು. ದನಿ ತಾನಾಗಿ ಇಳಿಯಿತು. "ಅಯ್ಯೋ... ನೀನು ಮುಚ್ಚಿದ್ದಾ?"

ಅಷ್ಟರಲ್ಲಿ ನಿರ್ದೇಶಕರು ಬಂದೇಬಿಟ್ಟರು. "ಏನಮ್ಮ, ಹೇಗಿದೆ ಸೊಸೆ ಕೈಚಳಕ? ಗಿಡ ಗುರುತಿಸೋಕೆ ಕಲಿಯೋ ಹುಡುಗರ ಪುಸ್ತಕಕ್ಕೆ ಇದೇ ಚಿತ್ರ ಕೊಡ್ತಿದ್ದೀವಿ. ಏನೋ ಅಲ್ಲ ಅಂತಿದ್ರಲ್ಲ?"

ಸೊಸೆ ಬಾಯಿ ತೆರೆದಳು. "ಸರ್, ಅದು..." ಮುಂದಿನ ಮಾತು ಗಂಟಲಲ್ಲೇ ಇತ್ತು. ಇನ್ನೊಂದು ಉಸಿರು ಎಳೆದುಕೊಂಡಿದ್ದರೆ ಬರುತ್ತಿತ್ತೇನೋ. ಎಳೆದುಕೊಳ್ಳಲಿಲ್ಲ.

"ಏನಿಲ್ಲ ಸ್ವಾಮಿ," ಎಂದರು ಅತ್ತೆ, ನಿರ್ದೇಶಕರಿಗಿಂತ ಒಂದು ಗೇಣು ಆಚೆಗೆ ನೋಡುತ್ತ. "ಕಣ್ಣಿಗೆ ಪೊರೆ ಬಂದಿದೆ ನೋಡಿ. ಎಲೆ ಯಾವುದು, ಹೂವು ಯಾವುದು ಅಂತಾನೂ ತಿಳಿಯಲ್ಲ. ಸುಮ್ಮನೆ ಏನೋ ಒದರಿದೆ."

"ಅಯ್ಯೋ ಪಾಪ. ಹೊರಗೆ ಮೆಟ್ಟಿಲು ಕಡಿದಾಗಿವೆ, ಕೈ ಹಿಡಿದು ಇಳಿಸಮ್ಮ. ಕಳಿಸಿ ಬಾ, ಪತ್ರಕ್ಕೆ ಸಹಿ ಹಾಕಿಡ್ತೀನಿ."

ಅವಳು ಕೈ ಹಿಡಿದಳು. ಆ ದಿನ ಬೆಳಿಗ್ಗೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿ ಅವಳ ತೋಳಿನ ಗುಂಡಿ ಹೊಲಿದುಕೊಟ್ಟಿದ್ದ ಕೈ ಅದು. ಬಾಗಿಲಲ್ಲಿ ನಿರ್ದೇಶಕರು ಇನ್ನೂ ನೋಡುತ್ತ ನಿಂತಿದ್ದರು. ಅತ್ತೆ ಒಂದೊಂದು ಮೆಟ್ಟಿಲಿಗೂ ನಿಂತು, ಪಾದ ಚಾಚಿ, ಗಾಳಿಯಲ್ಲಿ ತಡಕಾಡಿ, ಕುರುಡಿಯ ಹಾಗೆ ಇಳಿಯತೊಡಗಿದರು.