ಗೇಟಿನ ಸ್ಲೇಟು

ವಿಶ್ವ ಹುಟ್ಟಿದ ಕ್ಷಣದಿಂದ ಬರುತ್ತಿದ್ದ ಸಂಕೇತ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಪ್ರತಿ ಅಕ್ಷರವನ್ನೂ ಅಕ್ಷರಮಾಲೆಯಲ್ಲಿ ಮೂರು ಸ್ಥಾನ ಹಿಂದಕ್ಕೆ ಸರಿಸಿ, ಸಿಕ್ಕ ವಾಕ್ಯವನ್ನು ಗೇಟಿನ ಸ್ಲೇಟಿನ ಮೇಲೆ ಬರೆಯುವುದು ಮನೆಮನೆಯ ರೂಢಿ. ತಪ್ಪಿದ್ದರೆ ನೆರೆಯವರು ತಿದ್ದುತ್ತಿದ್ದರು. ಅರ್ಥ ನೋಡುವುದನ್ನು ಮಾತ್ರ ಜನ ಎಂದೋ ಬಿಟ್ಟಿದ್ದರು.

ವನಜಾಕ್ಷಿ ಕಾಫಿ ಕುಡಿಯುತ್ತಾ ಇಂದಿನದನ್ನು ಬಿಡಿಸಿ, ಓದಿದಳು: ‘ನಾವೂ ಇದನ್ನು ಬಿಡಿಸುತ್ತಿದ್ದೆವು. ಎಲ್ಲರ ಉತ್ತರವೂ ಸರಿಯಾದ ದಿನ ನಮ್ಮ ಲೋಕ ಮುಗಿದು ನಿಮ್ಮದು ಹುಟ್ಟಿತು.’

ಇಂದು ಊರೂರಿನ ಸ್ಲೇಟುಗಳೆಲ್ಲ ಸರಿಯಾಗಿವೆ, ಇನ್ನು ಒಂದೇ ಮನೆಯ ಉತ್ತರ ಬಾಕಿ ಎಂದು ರೇಡಿಯೋ ಹೇಳುತ್ತಿತ್ತು.

ವನಜಾಕ್ಷಿ ಎದ್ದು ಗೇಟಿಗೆ ಹೋದಳು. ಸ್ಲೇಟಿನಲ್ಲಿ ಬೇಕೆಂದೇ ಒಂದಕ್ಷರ ತಪ್ಪು ಬರೆದು, ಒಳಬಂದು ಚಿಲಕ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಪುಟ್ಟಸ್ವಾಮಯ್ಯನವರ ದನಿ ಕೇಳಿಸಿತು.

“ವನಜಮ್ಮ, ಒಂದಕ್ಷರ ತಪ್ಪಾಗಿತ್ತು. ನಾನೇ ತಿದ್ದಿದೀನಿ, ಬಿಡಿ.”