ಗೂಬೆಯ ವಿಳಾಸ

"ಮೇಡಂ ಜೀ, ಈ ಪುಸ್ತಕದ ಹಿಂದಿರೋ ಫೋಟೊ ನಿಮ್ದೇ ಅಲ್ವಾ?"

ಅರಾವಳಿಯ ಪಾಳು ಕಲ್ಲುಗಣಿಯ ಹಾದಿಯಲ್ಲಿ ಅಪರಿಚಿತನೊಬ್ಬ ಹಿಂದಿಯಲ್ಲಿ ಕೇಳಿದಾಗ ಪ್ರೇರಣಾ ನಿಂತುಬಿಟ್ಟಳು. ಅವಳ ಹಕ್ಕಿಗಳ ಕೈಪಿಡಿ ಅಂಗಡಿಗೆ ಬಂದು ತಿಂಗಳೂ ಆಗಿರಲಿಲ್ಲ. ಒಂದು ಪುಟ ಹಿಂದಿ, ಎದುರು ಪುಟ ಇಂಗ್ಲಿಷ್, ಕೆಳಗೊಂದು ಕ್ಯೂಆರ್ ಕೋಡ್. ಅದಕ್ಕೆ ಮೊಬೈಲ್ ಹಿಡಿದರೆ ಸಾಕು, ಹಕ್ಕಿ ಕೂರುವ ಮರದ ಬುಡಕ್ಕೇ ಮ್ಯಾಪ್ ಕರೆದುಕೊಂಡು ಹೋಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಗುರುತಿಲ್ಲದ ಓದುಗನೊಬ್ಬ ಇಲ್ಲಿವರೆಗೆ ಬಂದಿದ್ದಾನೆ! ಗುರುಗ್ರಾಮದ ಆಫೀಸಿನ ವಾರದ ಸುಸ್ತೆಲ್ಲ ಆ ಕ್ಷಣಕ್ಕೆ ಮರೆತೇ ಹೋಯಿತು.

"ಹೌದು, ನಂದೇ! ಯಾವ ಹಕ್ಕಿ ನೋಡ್ಬೇಕಿತ್ತು ಭಯ್ಯಾ?"

"ಕೊಂಬಿನ ಗೂಬೆ. ಮ್ಯಾಪ್ ಇಲ್ಲಿಗೆ ತಂದು ಬಿಡ್ತು. ಮುಂದೆ ನೋಡಿದ್ರೆ ಬರೀ ಕಲ್ಲು."

ಗೂಬೆಗಳ ಜಾಗ ಮಾತ್ರ ಹಾಕಬೇಡಮ್ಮ ಎಂದು ಜನಕಪುರಿ ಬಡಾವಣೆಯ ಇಂದುಶೇಖರ ಅಂಕಲ್ ಹೇಳಿದ್ದರು. ಅವಳಿಗೆ ಹಕ್ಕಿ ನೋಡುವುದನ್ನು ಕಲಿಸಿದವರೇ ಅವರು. ಆದರೆ ಗೂಬೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಚಹಾ ಕುಡೀತೀಯಾ ಎಂದು ಮಾತು ತಿರುಗಿಸುತ್ತಿದ್ದರು. ಹಕ್ಕಿ ನೋಡುವ ಇಲ್ಲಿನ ಹಳಬರೆಲ್ಲ ಹೀಗೇ ಜಿಪುಣರು. ಹಾಗಾಗಿ ಎರಡು ಚಳಿಗಾಲ ಒಬ್ಬಳೇ ಅಲೆದು ಈ ಗೂಬೆಯನ್ನು ಕಂಡುಕೊಂಡಿದ್ದಳು. ತನ್ನ ಪುಸ್ತಕ ಕೊಂಡವರು ಹಾಗೆ ಅಲೆಯಬಾರದು ಎಂದೇ ಮ್ಯಾಪ್ ಹಾಕಿದ್ದಳು.

"ಬನ್ನಿ, ತೋರಿಸ್ತೀನಿ. ಅಲ್ನೋಡಿ, ಆ ಒಣಗಿದ ಗಿಡದ ಕೆಳಗೆ, ಬಂಡೆ ಸಂದಿನಲ್ಲಿ. ತಲೆ ಮೇಲೆ ಕೊಂಬಿನ ಥರ ಎರಡು ಗರಿ ಕಾಣುತ್ತಾ?"

ಆತನ ಬಳಿ ಬೈನಾಕ್ಯುಲರ್ ಇರಲಿಲ್ಲ. ತನ್ನದನ್ನೇ ಕೊರಳಿಂದ ತೆಗೆದು ಕೊಟ್ಟಳು. ಆತ ಬಹಳ ಹೊತ್ತು ನೋಡಿದ.

"ಅಚ್ಛಾ! ತೂಕ ಎಷ್ಟಿರಬಹುದು?"

"ಒಂದೂವರೆ ಕೆಜಿ ಮೇಲೇ ಇರುತ್ತೆ."

"ಗಾಯ ಗೀಯ ಏನೂ ಇಲ್ಲ ತಾನೇ? ಕಾಲಿನ ಉಗುರು ಎಲ್ಲಾ ಸರಿಯಾಗಿದಾವಾ?"

ಎಂಥ ಕಾಳಜಿ! ಪ್ರೇರಣಾಗೆ ಆತನ ಮೇಲೆ ಅಭಿಮಾನವೇ ಉಕ್ಕಿತು. "ಏನೂ ಆಗಿಲ್ಲ. ಪರ್ಫೆಕ್ಟ್ ಆಗಿದೆ. ಹಗಲೆಲ್ಲ ಅಲ್ಲೇ ಕೂತಿರುತ್ತೆ. ಹತ್ತಿರ ಹೋದ್ರೂ ಏಳಲ್ಲ ಪಾಪ, ತಾನು ಯಾರಿಗೂ ಕಾಣಲ್ಲ ಅಂದ್ಕೊಂಡಿರುತ್ತೆ."

ಆತ ತನ್ನ ಹೆಸರು ಹೇಳಿ ಪುಸ್ತಕ ಚಾಚಿದ. 'ಮನೋಜ್ ಅವರಿಗೆ, ಹುಡುಕಿದ್ದೆಲ್ಲ ಸಿಗಲಿ' ಎಂದು ಬರೆದು ಸಹಿ ಹಾಕಿದಳು. ಏನಾದರೂ ಕೇಳಬೇಕೆನಿಸಿದರೆ ಇರಲಿ ಎಂದು ಕೆಳಗೆ ತನ್ನ ನಂಬರನ್ನೂ ಬರೆದಳು.

ಮರುದಿನ ಬೆಳಿಗ್ಗೆ ಪುಸ್ತಕಕ್ಕೆ ಚಿತ್ರ ತೆಗೆದಿದ್ದ ಗೆಳೆಯ ಸಾತ್ವಿಕ್‌ನ ಜೊತೆ ಬಂದಾಗ ಬಂಡೆಯ ಸಂದು ಖಾಲಿಯಾಗಿತ್ತು. ಕೆಳಗೆ ಒಂದು ಉದ್ದನೆಯ ಬಿದಿರಿನ ಗಳು ಬಿದ್ದಿತ್ತು. ಸಾತ್ವಿಕ್ ಅದನ್ನು ಎತ್ತಿ ತುದಿ ಮುಟ್ಟಿ ನೋಡಿದ. ಬೆರಳಿಗೆ ಗೋಂದಿನಂಥ ಅಂಟು ಹತ್ತಿತು. ಅಂಟಿನೊಳಗೆ ಕಂದು ಗರಿಗಳು.

"ಯಾರಿಗಾದ್ರೂ ತೋರಿಸಿದ್ಯಾ?"

"ನಿನ್ನೆ ಒಬ್ರು ಓದುಗರು ಬಂದಿದ್ರು. ಛೇ, ಅವರಲ್ಲ ಕಣೋ. ತುಂಬ ಒಳ್ಳೆಯವರು. ಗಾಯ ಆಗಿದ್ಯಾ ಅಂತೆಲ್ಲ ವಿಚಾರಿಸಿದ್ರು."

"ತೂಕ ಕೇಳಿದ್ನಾ?"

"ಕೇಳಿದ್ರು. ಯಾಕೆ?"

"ಮುಂದಿನ ವಾರ ದೀಪಾವಳಿ ಪ್ರೇರಣಾ. ಅಮಾವಾಸ್ಯೆ ರಾತ್ರಿ ಗೂಬೆ ಬಲಿ ಕೊಟ್ರೆ ಲಕ್ಷ್ಮಿ ಮನೆ ಬಿಟ್ಟು ಹೋಗಲ್ಲ ಅಂತ ನಂಬೋರು ಇದ್ದಾರೆ, ನಂಗೂ ಈಗ್ಲೇ ನೆನಪಾಯ್ತು. ಬಲಿಗೆ ಊನ ಇರಬಾರದು, ಅದಕ್ಕೇ ಗಾಯ ಕೇಳಿದ್ದು. ತೂಕ ಹೆಚ್ಚಿದಷ್ಟೂ ಬೆಲೆ ಜಾಸ್ತಿ."

"ಅಂಕಲ್ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ!"

"ದೀಪಾವಳಿ ಕಳೀಲಿ, ಆಮೇಲೆ ಪುಸ್ತಕ ಹೊರಗೆ ತನ್ನಿ ಅಂದಿದ್ರಲ್ಲ. ಯಾಕೆ ಅಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಹಬ್ಬಕ್ಕೆ ಮುಂಚೆ ಬಂದ್ರೆ ಗಿಫ್ಟ್ ಕೊಡೋಕೆ ಜನ ತಗೋತಾರೆ ಅಂತ ಕುಣಿದ್ವಿ."

ಸಾತ್ವಿಕ್ ಅರಣ್ಯ ಇಲಾಖೆಗೆ ಫೋನ್ ಮಾಡಿದ. ಅವರು ಆ ಮನುಷ್ಯನ ಊರು, ಗಾಡಿಯ ನಂಬರು ಕೇಳಿದರು. ಪ್ರೇರಣಾಗೆ ಗೊತ್ತಿದ್ದದ್ದು ಹೆಸರೊಂದೇ, ಅದೂ ನಿಜವೋ ಸುಳ್ಳೋ.

ಅವಳು ಬಂಡೆಯ ಮೇಲೆ ಕೂತು ಮೊಬೈಲ್ ತೆಗೆದಳು. ಪುಸ್ತಕದಲ್ಲಿ ಇನ್ನೂ ಗೂಬೆಗಳಿದ್ದವು. ಅಚ್ಚಾದ ಪುಟ ಹಿಂದಕ್ಕೆ ಬರುವುದಿಲ್ಲ, ಮ್ಯಾಪ್ ಅಳಿಸಬಹುದು. ಮೊದಲು ಅವಳ ಊರ ಕಡೆ ಬುಡುಬುಡಿಕೆಯವರು ಶಕುನ ಕೇಳುವ ಹಾಲಕ್ಕಿ ಎಂಬ ಪುಟ್ಟ ಗೂಬೆಯದು. ಆಮೇಲೆ ಕಣಜದ ಗೂಬೆಯದು, ಹಳೇ ನೀರಿನ ಟ್ಯಾಂಕಿನೊಳಗೆ ಮರಿಗಳ ಜೊತೆಗಿದ್ದದ್ದು. ಒಂದೊಂದನ್ನೇ ಅಳಿಸುತ್ತ ಹೋದಳು.

"ಎಲ್ಲಾ ಹೋಯ್ತಾ?"

"ಹೋಯ್ತು."

ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲ್ ಅದುರಿತು. ಹೊಸ ನಂಬರಿನಿಂದ ಹಿಂದಿಯಲ್ಲಿ ಒಂದು ಮೆಸೇಜ್, ಕೊನೆಯಲ್ಲಿ ಕೈ ಮುಗಿದ ಚಿತ್ರ.

"ನಮಸ್ತೆ ಮೇಡಂ ಜೀ, ಮನೋಜ್. ನಿಮ್ಮ ಪುಸ್ತಕ ತುಂಬ ಉಪಯೋಗಕ್ಕೆ ಬಂತು. ಕಣಜದ ಗೂಬೆಯ ಮ್ಯಾಪ್ ಈಗಷ್ಟೇ ನಿಂತುಹೋಯಿತು. ಅರ್ಧ ದಾರಿಯಲ್ಲಿದ್ದೇನೆ, ಮುಂದೆ ಎಡಕ್ಕಾ ಬಲಕ್ಕಾ?"