ನಾಗಪತಿಯ ಕಿಡ್ನಿ

ಮಾದೇವಿ ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ತಿರುಗಿಸಿ ಬಿಗಿ ಮಾಡಿದಳು. ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಮೀನಿನ ಡಬ್ಬಿಯೊಳಗಿನ ಐಸ್ ಚೂರುಗಳ ನಡುವೆ ಹೂತಳು. ಬೆಳಗಿನ ಮೊದಲ ಮೂತ್ರವೇ ಆಗಬೇಕು, ತಣ್ಣಗಿರಬೇಕು, ಮಧ್ಯಾಹ್ನದೊಳಗೆ ಕುಮಟೆಯ ಲ್ಯಾಬ್ ಮುಟ್ಟಬೇಕು. ತಿಂಗಳು ತಿಂಗಳೂ ಇದೇ. ಅಲ್ಲಿಂದ ಅದು ಆಪರೇಷನ್ ಮಾಡಿದ ದೊಡ್ಡ ಆಸ್ಪತ್ರೆಗೆ ಹೋಗುತ್ತಿತ್ತು. ಜೋಡಿಸಿದ ಕಿಡ್ನಿ ಕೈಕೊಡುವ ಮೊದಲೇ ಮೂತ್ರದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂದು ಅಲ್ಲಿನ ಡಾಕ್ಟರು ನೋಡುತ್ತಿದ್ದರು. ಬಾಟಲಿಯ ಮೇಲೆ ಹೆಸರಿರಲಿಲ್ಲ, ಒಂದು ನಂಬರು ಮಾತ್ರ.

ಮೊಬೈಲಿನ ಅಲಾರಂ ಹೊಡೆದುಕೊಂಡಿತು.

"ಮಾತ್ರೆ ಆತಾ?" ಜಗಲಿಯ ಕುರ್ಚಿಯಿಂದ ಗಂಡ ನಾಗಪತಿ ಕೂಗಿದ.

"ಆತು."

"ನೀರು ತಂದಿಡೇ."

ಕಾಯಿಸಿ ಆರಿಸಿದ ನೀರಿನ ಚೊಂಬನ್ನು ಅವನ ಪಕ್ಕ ಇಟ್ಟಳು. ಎರಡು ವರ್ಷದಿಂದ ಆ ಕುರ್ಚಿ ಜಗಲಿ ಬಿಟ್ಟು ಕದಲಿಲ್ಲ. ಮೊದಲು ಅವನು ದೋಣಿಗೆ ಹೋಗುತ್ತಿದ್ದ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ ಗಡುವು ಯಾವಾಗಲೋ ಮುಗಿದಿತ್ತು. ಆದರೆ ಅಘನಾಶಿನಿಯ ಜನ ಇನ್ನೂ ಎಳನೀರು ಹಿಡಿದುಕೊಂಡು ನೋಡಲು ಬರುತ್ತಿದ್ದರು. ಅವನು ಅಂಗಿ ಎತ್ತಿ ಎಡಪಕ್ಕೆಯ ಹೊಲಿಗೆ ತೋರಿಸುತ್ತಿದ್ದ. "ಒಂದೇ ಕಿಡ್ನಿ ಮೇಲೆ ಓಡ್ತಾ ಇರೂದು ಮಾರಾಯಾ ಈ ಗಾಡಿ" ಎನ್ನುತ್ತಿದ್ದ. ಬಂದವರು ಲೊಚಗುಟ್ಟುತ್ತಿದ್ದರು.

ಮನೆ ನಡೆಯುತ್ತಿದ್ದದ್ದು ಮಾದೇವಿ ಹೊಳೆಯಲ್ಲಿ ಸೊಂಟಮಟ್ಟ ನಿಂತು ತೆಗೆಯುವ ಬಳಚಿನ ಚಿಪ್ಪಿಯಿಂದ. ಅರ್ಧ ದಿನ ನೀರಲ್ಲಿ ನಿಂತರೂ ಅಲ್ಲಿ ಯಾವ ಹೆಂಗಸೂ ಗುಟುಕು ನೀರು ಕುಡಿಯುವುದಿಲ್ಲ. ಕುಡಿದರೆ ಆಮೇಲೆ ಹೋಗಲು ಜಾಗ ಬೇಕಲ್ಲ.

ಬಸ್ಸು ಹತ್ತುವಾಗ ಮಾಸ್ಕ್ ಮೂಗಿಗೇರಿಸಿದಳು. ಯಾರದೋ ಒಂದು ಕೆಮ್ಮು ಮನೆ ಸೇರಿದರೂ ಸಾಕು, ಮತ್ತೆ ಆಸ್ಪತ್ರೆ.

"ಡಬ್ಬಿಯಲ್ಲಿ ಎಂತ ಮೀನೇ ಅಕ್ಕಾ?" ಕಂಡಕ್ಟರ್ ಕೇಳಿದ.

"ಬಂಗಡೆ."

"ತಾಜಾ ಅದ್ಯಾ?"

"ಇವತ್ತು ಬೆಳಿಗ್ಗೆದೇ."

ಪಕ್ಕದ ಸೀಟಿನ ಮುದುಕಿ ಡಬ್ಬಿಯ ಮೇಲೆ ಕೈಯಾಡಿಸಿ ಬಂಗಡೆಯ ರೇಟು ಕೇಳಿದಳು. ನಗು ಬರಬೇಕಿತ್ತು. ಮಾದೇವಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಈಚೆಗೆ ಕೂತಲ್ಲೇ ನಿದ್ದೆ ಎಳೆಯುತ್ತಿತ್ತು.

ಲ್ಯಾಬಿನಲ್ಲಿ ಹೊಸ ಹುಡುಗಿ. ವಿನುತಾ ಎಂದು ಎದೆಯ ಪಟ್ಟಿಯಲ್ಲಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಎಷ್ಟು ಹಳದಿ! ಯಜಮಾನ್ರಿಗೆ ಸಮಾ ನೀರು ಕುಡೀಲಿಕ್ಕೆ ಹೇಳಿ ಅಕ್ಕಾ. ಗಂಡಸ್ರು ಹೇಳಿದ್ದು ಕೇಳೂದಿಲ್ಲ, ಅಲ್ದಾ?"

"ಕೇಳೂದಿಲ್ಲ" ಎಂದಳು ಮಾದೇವಿ.

"ನಾ ನೋಡಿದ್ದೆಲ್ಲ ಹಂಗೇಯಾ. ಕೊಡೂದು ಹೆಂಗಸ್ರು, ಕುಂತು ಉಂಬೂದು ಗಂಡಸ್ರು."

ಮಾದೇವಿ ಮಾತಾಡಲು ಬೇಕಾದ ಶಕ್ತಿಯನ್ನು ವಾಪಸ್ ಬಸ್ಸಿಗೆ ಉಳಿಸಿಕೊಂಡಳು.

ಮೆಟ್ಟಿಲಿಳಿಯುವಾಗ ಫೋನ್ ಬಂತು. ದೊಡ್ಡ ಆಸ್ಪತ್ರೆಯ ಡಾಕ್ಟರು.

"ಮಾದೇವಿಯವರೇ, ಹೋದ ತಿಂಗಳ ರಿಪೋರ್ಟ್ ಬಂದಿದೆ. ರಕ್ತದಲ್ಲಿ ಇನ್ನೂ ಏನೂ ಕಾಣ್ತಿಲ್ಲ. ಆದರೆ ಮೂತ್ರದಲ್ಲಿ ನಾವು ನೋಡ್ತಿದ್ದ ಒಂದು ಅಂಶ ಏರಿದೆ. ಶರೀರ ಆ ಕಿಡ್ನಿಯನ್ನು ಹೊರಗಿನದು ಅಂತ ದೂಡೋಕೆ ಶುರುಮಾಡಿರಬಹುದು. ಸೂಜಿ ಹಾಕಿ, ಸಣ್ಣ ಚೂರು ತೆಗೆದು ನೋಡಿದ್ರೆ ಖಚಿತವಾಗತ್ತೆ. ಸೋಮವಾರ ಬನ್ನಿ, ಕೆಲವು ದಿನ ಉಳಿಯೋ ಹಾಗೆ."

"ಉಳೀತದ್ಯಾ ಸಾರ್ ಅದು?"

"ಈಗಲೇ ಬಂದ್ರೆ ಉಳಿಸ್ಕೋಬಹುದು. ತಡವಾದ್ರೆ ಮತ್ತೆ ಡಯಾಲಿಸಿಸ್. ಮಾತ್ರೆ, ನೀರು, ವಿಶ್ರಾಂತಿ, ಎಲ್ಲ ಸರಿಯಾಗಿ ಆಗ್ತಿದೆಯಲ್ಲ?"

"ಹೌದು" ಎಂದಳು. ಮಾತ್ರೆಯ ಮಟ್ಟಿಗೆ ಅದು ನಿಜವಾಗಿತ್ತು.

ಮೆಟ್ಟಿಲ ಮೇಲೆ ಕೂತಳು. ಡಯಾಲಿಸಿಸ್ಸಿನ ದಿನಗಳು ನೆನಪಾದವು: ಕಪ್ಪುಗಟ್ಟಿದ ಮುಖ, ಬಾಯಲ್ಲಿ ಕಬ್ಬಿಣದ ರುಚಿ, ತೋಳಲ್ಲಿ ಗಂಟು ಕಟ್ಟಿದ ನರ. ಹೇಳಿದರೆ ನಾಗಪತಿ ಕುಸಿದುಬಿಡುತ್ತಾನೆ. ಆ ಕಿಡ್ನಿಯೂ ಹೋದರೆ ಅವನಿಗೆ ಉಳಿಯುವುದಾದರೂ ಏನು?

ಮನೆ ಮುಟ್ಟುವಾಗ ಜಗಲಿಯಲ್ಲಿ ನೆರೆಮನೆಯ ಚೌಡ ಕೂತಿದ್ದ. ನಾಗಪತಿಯ ಅಂಗಿ ಎಂದಿನಂತೆ ಮೇಲಿತ್ತು.

"ಬಂದ್ಯಾ? ಎಂತ ಅಂದ್ರು? ನನ್ ಕಿಡ್ನಿ ಹ್ಯಾಂಗದೆಯಂತೆ?"

"ಎಂತ ಅಂದಿಲ್ಲ."

"ಮಾದೇವಕ್ಕ ಇರೂತನಕ ನಿನ್ ಕಿಡ್ನಿಗೆ ಎಂತಾ ಆತದ್ಯೋ?" ಚೌಡ ನಕ್ಕ. "ಅದು ನಿನ್ಕಿಂತ ಗಟ್ಟಿ."

"ಹಂಗಲ್ಲ ಚೌಡ, ಜೀವ ಇಟ್ಕಂಡದ್ದು ನಾನು ಅದ್ರ ಮೇಲೆ" ಎಂದ ನಾಗಪತಿ. ಹಾಗೆನ್ನುವಾಗ ಅವನ ದನಿ ನಿಜಕ್ಕೂ ನಡುಗಿತು. ಆಮೇಲೆ ಅವಳತ್ತ ತಿರುಗಿ, "ಎರಡು ಚಾ ಮಾಡೇ" ಎಂದ. "ಇಳಿತ ಶುರುವಾತು, ಹೊಳೆಗೆ ಹೋಗೂದಿಲ್ವಾ ಇವತ್ತು?"

ಮಾದೇವಿ ಒಳಗೆ ಬಂದಳು. ಒಲೆಯ ಕಡೆ ಹೋಗಲಿಲ್ಲ. ಚಾಪೆ ಹಾಸಿ ಮಲಗಿದಳು. ನಡುಹಗಲಲ್ಲಿ ಬೆನ್ನು ನೆಲಕ್ಕೆ ಹಾಕಿದ್ದು ಎಷ್ಟೋ ತಿಂಗಳುಗಳಲ್ಲಿ ಇದೇ ಮೊದಲಿರಬೇಕು. ಹಂಚಿನ ಸಂದಿಯಿಂದ ಬಿಸಿಲು ಇಳಿಯುತ್ತಿತ್ತು.

ಸೋಮವಾರದ ಮೊದಲ ಬಸ್ಸಿಗೆ ಹೊರಡುವುದು. ಇರಿ ಎಂದಷ್ಟು ದಿನ ಇರುವುದು. ವಾಪಸ್ ಬಂದ ಮೇಲೂ ಹೊಳೆಗೆ ಇಳಿಯುವುದಿಲ್ಲ. ದೋಣಿ ದಡದಲ್ಲಿದೆ, ಬಲೆಯೂ ಹರಿದಿಲ್ಲ, ನಾಗಪತಿಗೆ ಎರಡು ಕೈಗಳಿವೆ. ಇಷ್ಟನ್ನು ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿ, ಮನಸ್ಸಿನಲ್ಲೇ ಇಟ್ಟುಕೊಂಡಳು.

"ಚಾ ಎಲ್ಲೇ?" ಜಗಲಿಯಿಂದ ಕೂಗು ಬಂತು.

ಅವಳು ಏಳಲಿಲ್ಲ. ಸೀರೆಯ ನಿರಿಗೆಯನ್ನು ತುಸು ಸಡಿಲಿಸಿ, ಹೊಕ್ಕುಳ ಕೆಳಗೆ ಬಲಬದಿಗೆ ತನಗೆ ಹಾಕಿದ್ದ ಹೊಲಿಗೆಯ ಗೆರೆಯ ಮೇಲೆ ಅಂಗೈ ಇಟ್ಟಳು. ನಾಗಪತಿ ಕೊಟ್ಟ ಕಿಡ್ನಿ ಎರಡು ವರ್ಷದಿಂದ ಅಲ್ಲಿತ್ತು.